ವಿದೇಶ ಸೇವೆಗೆ ಹೊರಡುವ ಮುನ್ನ: ತರಬೇತಿಯಲ್ಲಿ ಬಿಡಬಾರದ ಸಂಗತಿಗಳು

ವಿದೇಶಕ್ಕೆ ಕಳಿಸುವ ಸ್ವಯಂಸೇವಕರ ತರಬೇತಿಯ ದಿನ ಗೊತ್ತುಮಾಡುವ ಮೊದಲೇ ಅವರ ಲಸಿಕೆಗಳ ಲೆಕ್ಕ ಹಾಕಿ. ಹೆಪಟೈಟಿಸ್ ಬಿ ಲಸಿಕೆಯ ಮಾಮೂಲಿ ಕ್ರಮದಲ್ಲಿ ಮೂರು ಡೋಸ್‌: ಮೊದಲನೆಯದಾದ 1 ತಿಂಗಳಿಗೆ ಎರಡನೆಯದು, 6 ತಿಂಗಳಿಗೆ ಮೂರನೆಯದು. ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಊರ್ಜಿತವಾಗುವುದು ಲಸಿಕೆ ಹಾಕಿಸಿಕೊಂಡ 10 ದಿನಗಳ ನಂತರ. ಕೊನೆಯ ವಾರದಲ್ಲಿ ಓಡಾಡಿದರೆ ವಿಮಾನ ನಿಲ್ದಾಣದಲ್ಲೇ ತಡೆಯುತ್ತಾರೆ.

ಮಲೇರಿಯಾ ತಡೆಗೆ ಡಾಕ್ಸಿಸೈಕ್ಲಿನ್ ನುಂಗುವವರು ಸಾಮಾನ್ಯವಾಗಿ ಎಡವುವುದು ಮರಳಿದ ಮೇಲೆ. ಸೊಳ್ಳೆಯಿಲ್ಲದ ಜಾಗಕ್ಕೆ ಬಂದೆವಲ್ಲ ಎಂದು ನಿಲ್ಲಿಸಿಬಿಡುತ್ತಾರೆ. ಯಕೃತ್ತಿನಲ್ಲಿ ಅಡಗಿದ ಪರಾವಲಂಬಿ ಆಮೇಲೆ ರಕ್ತಕ್ಕೆ ಇಳಿಯಬಹುದು. ಅದಕ್ಕೇ ಇನ್ನೂ 4 ವಾರ ಮಾತ್ರೆ ಬೇಕು. ಇದನ್ನು ಹೊರಡುವಾಗಲೂ ಹೇಳಿ, ಮರಳುವ ಮುನ್ನವೂ ಹೇಳಿ.

ಪಾಸ್‌ಪೋರ್ಟ್ ಅವಧಿ ಇನ್ನೂ 6 ತಿಂಗಳಾದರೂ ಉಳಿದಿರಲಿ. ಹಲವು ದೇಶಗಳು ಅದನ್ನು ಕೇಳುತ್ತವೆ.

ಭಾಷೆ ಮಾತ್ರ ತರಗತಿಯಲ್ಲಿ ಅರ್ಧವೇ ಬರುತ್ತದೆ. 1961ರಲ್ಲಿ ಶುರುವಾದ ಅಮೆರಿಕದ ಪೀಸ್ ಕೋರ್ ತನ್ನ ಸ್ವಯಂಸೇವಕರನ್ನು ಸುಮಾರು 3 ತಿಂಗಳು ಸೇವೆಯ ದೇಶದಲ್ಲೇ, ಹೆಚ್ಚಾಗಿ ಸ್ಥಳೀಯರ ಮನೆಗಳಲ್ಲಿರಿಸಿ ತಯಾರು ಮಾಡುತ್ತದೆ. ಅಷ್ಟು ಸಮಯವಿಲ್ಲದಿದ್ದರೆ ವ್ಯಾಕರಣ ಬದಿಗಿಡಿ. ನೋವು ಎಲ್ಲಿದೆ, ಈ ನೀರು ಕುದಿಸಿದ್ದೇ, ಬೇಡ, ನಿಧಾನವಾಗಿ ಹೇಳಿ: ಇಂಥ ಮಾತುಗಳನ್ನು ಜೋಡಿಯಾಗಿ ಕೂತು ಬಾಯಿಗೆ ಬರುವವರೆಗೆ ಆಡಿಸಿ.