ಸಾಲಿಡ್ ಸ್ಟೇಟ್ ಬೋರ್ ಅನ್ನೋ ಮಕ್ಕಳಿಗೆ ಆಂಡರ್ಸನ್ ಬಗ್ಗೆ

ಹಾಸನದಲ್ಲಿ ಯಾರಾದ್ರೂ ಫಿಸಿಕ್ಸ್ ಓದ್ತೀನಿ ಅಂದ್ರೆ ನೆಂಟರೆಲ್ಲಾ ಕೇಳೋದು ಎಂಸಿಎಫ್‌ಗೆ ಸೇರ್ತೀಯೇನಪ್ಪಾ ಅಂತ. ಇಸ್ರೋದವ್ರು 1982ರಿಂದ ಇಲ್ಲಿಂದ್ಲೇ ಸ್ಯಾಟಲೈಟ್ ನೋಡ್ಕೊಳ್ತಿದಾರಲ್ಲ, ಕೇಳೋದು ಸಹಜ. ಅದು ಬಿಟ್ರೆ ನನ್ನ ಬಿಎಸ್ಸಿ ಮಕ್ಕಳಿಗೆ ಬ್ಲ್ಯಾಕ್ ಹೋಲ್ ಹುಚ್ಚು, ಸಾಲಿಡ್ ಸ್ಟೇಟ್, ಅಂದ್ರೆ ಘನವಸ್ತುಗಳ ಫಿಸಿಕ್ಸ್, ಬಂತಂದ್ರೆ ಪಾಸಾದ್ರೆ ಸಾಕು ಸರ್ ಅಂತಾರೆ, ಆಗ ನಂಗೆ ನಿಜಕ್ಕೂ ಸಂಕಟ ಆಗುತ್ತೆ.

ಫಿಲಿಪ್ ಆಂಡರ್ಸನ್ ಅಂತ ಅಮೆರಿಕದ ಭೌತವಿಜ್ಞಾನಿ ಇದ್ರು, 1923ರಲ್ಲಿ ಹುಟ್ಟಿ 2020ರಲ್ಲಿ ತೀರ್ಕೊಂಡ್ರು, ಇಡೀ ಜೀವನ ಈ ವಿಷಯಕ್ಕೇ ಕೊಟ್ಟವರು. ಕಲ್ಮಶ ಇರೋ ವಸ್ತುವಲ್ಲಿ ಎಲೆಕ್ಟ್ರಾನು ಡಿಕ್ಕಿ ಹೊಡ್ಕೊಂಡು ನಿಧಾನಕ್ಕಾದ್ರೂ ಮುಂದೆ ಹೋಗುತ್ತೆ ಅಂತ ಎಲ್ರೂ ನಂಬಿದ್ದಾಗ, ಬೆಲ್ ಲ್ಯಾಬ್ಸ್ ಅನ್ನೋ ಅಮೆರಿಕದ ಸಂಶೋಧನಾಲಯದಲ್ಲಿದ್ದ ಇವ್ರು 1958ರಲ್ಲಿ ಹೇಳಿದ್ದು, ವಸ್ತುವಿನೊಳಗಿನ ಅಸ್ತವ್ಯಸ್ತ ಒಂದು ಮಿತಿ ದಾಟಿದ್ರೆ ಎಲೆಕ್ಟ್ರಾನಿನ ಅಲೆ ಚದುರಿ ಚದುರಿ ತನ್ನ ಜೊತೆಗೇ ಕೂಡ್ಕೊಂಡು ಅಲ್ಲೇ ಸಿಕ್ಕಾಕ್ಕೊಂಡ್ಬಿಡುತ್ತೆ, ಮುಂದೆ ಹೋಗೋದೇ ಇಲ್ಲ ಅಂತ. ಆಗ ನಂಬಿದವ್ರು ತೀರಾ ಕಮ್ಮಿ, ಅವ್ರೇ ನೊಬೆಲ್ ಭಾಷಣದಲ್ಲಿ ಹಂಗಂದಿದಾರೆ. ನೊಬೆಲ್ ಬಂದಿದ್ದು 1977ರಲ್ಲಿ, ಬ್ರಿಟನ್ನಿನ ಭೌತವಿಜ್ಞಾನಿ ನೆವಿಲ್ ಮಾಟ್ ಜೊತೆ ಮತ್ತೆ ತಮ್ಮ ಪಿಎಚ್‌ಡಿ ಗೈಡ್ ವ್ಯಾನ್ ವ್ಲೆಕ್ ಜೊತೆ, ಗುರು ಶಿಷ್ಯ ಇಬ್ರಿಗೂ ಒಟ್ಟಿಗೆ!

ಅದೇ ವಿಷಯ 1979ರಲ್ಲಿ ಮತ್ತೆ ಎದ್ದು ನಿಲ್ತು. ನಾಲ್ಕು ಜನ ಬರೆದ ಪೇಪರ್, ಅದ್ರಲ್ಲಿ ಒಬ್ರು ನಮ್ಮ ಟಿ.ವಿ. ರಾಮಕೃಷ್ಣನ್, ಆಮೇಲೆ ಬೆಂಗಳೂರಿನ ಐಐಎಸ್ಸಿಯಲ್ಲಿ ಪ್ರೊಫೆಸರ್ ಆಗಿದ್ದವ್ರು. ಎಲೆಕ್ಟ್ರಾನುಗಳ ನಡುವಿನ ತಳ್ಳಾಟ ಲೆಕ್ಕಕ್ಕೆ ತಗೊಳ್ದಿದ್ರೆ, ತೆಳು ಪದರದಲ್ಲಿ ಅಸ್ತವ್ಯಸ್ತ ಎಷ್ಟೇ ಕಮ್ಮಿ ಇದ್ರೂ ಸೊನ್ನೆ ಕೆಲ್ವಿನ್ (ಸುಮಾರು ಮೈನಸ್ 273 ಡಿಗ್ರಿ ಸೆಲ್ಸಿಯಸ್) ಹತ್ರ ಅದು ಕರೆಂಟ್ ಹರಿಸೋ ಲೋಹವಾಗಿ ಉಳಿಯಲ್ಲ ಅಂತ ಸಾಮಾನ್ಯವಾಗಿ ತೋರಿಸಿದ್ರು. ಇದಕ್ಕೆ ಬೇಕಾಗಿದ್ದು ಪೇಪರ್ರು, ಪೆನ್ನು, ಜೊತೆಗೆ ವಾದ ಮಾಡೋಕೆ ಒಳ್ಳೆ ಜನ.

ಕೋಟಿಗಟ್ಟಲೆ ಕಣ ಸೇರಿದಾಗ ಹೊಸ ನಿಯಮಗಳೇ ಹುಟ್ತವೆ, ಒಂದು ಕಣದ ಲೆಕ್ಕ ಗೊತ್ತಿದ್ದ ಮಾತ್ರಕ್ಕೆ ಅವು ಕೈಗೆ ಸಿಗಲ್ಲ ಅಂತ ಆಂಡರ್ಸನ್ 1972ರಲ್ಲೇ ಬರೆದ್ರು. ಕಣ ಭೌತಶಾಸ್ತ್ರ ಮೇಲೆ, ನಮ್ದು ಕೆಳಗೆ ಅನ್ನೋ ಭಾವನೆಗೆ ನಾನು ಕೊಡೋ ಉತ್ತರ ಇದೇ.

63 ವಯಸ್ಸಲ್ಲಿ, 1987ರ ಜನವರೀಲಿ, ಆಂಡರ್ಸನ್ ಹೈ ಟೆಂಪರೇಚರ್ ಸೂಪರ್‌ಕಂಡಕ್ಟರ್ (ಅಷ್ಟೇನೂ ತಣ್ಣಗಿಲ್ದಾಗ್ಲೂ ತಡೆಯೇ ಇಲ್ದೆ ಕರೆಂಟ್ ಹರಿಸೋ ವಸ್ತು) ಬಗ್ಗೆ ತಮ್ಮ ಹೊಸ ಐಡಿಯಾ ಹೇಳಿದ್ದು ಬೆಂಗಳೂರಿನ ಕಾನ್ಫರೆನ್ಸಲ್ಲಿ. ಆ ಪ್ರಶ್ನೆ ಇನ್ನೂ ಬಗೆಹರಿದಿಲ್ಲ, ನಿಮ್ಗೂ ಕೆಲ್ಸ ಬೇಕಾದಷ್ಟಿದೆ.

ದಾರಿ ಉದ್ದ, ನಿಜ. ಎಂಎಸ್ಸಿಗೆ ಹೇಮಗಂಗೋತ್ರಿ ಕ್ಯಾಂಪಸ್ ಇಲ್ಲೇ ಇದೆ, ಜಾಮ್ ಅನ್ನೋ ಪ್ರವೇಶ ಪರೀಕ್ಷೆ ಬರೆದ್ರೆ ಐಐಎಸ್ಸಿಗೂ ಹೋಗ್ಬೋದು, ಪಿಎಚ್‌ಡಿ, ಪೋಸ್ಟ್‌ಡಾಕ್ ಅಂತ ಮೂವತ್ತು ದಾಟುತ್ತೆ, ಮನೇಲಿ ಇದನ್ನ ಮೊದ್ಲೇ ಹೇಳ್ಬಿಡಿ. ಈ ಸೆಮಿಸ್ಟರಲ್ಲಿ ಬ್ಯಾಂಡ್ ಥಿಯರಿ ಪಾಠ ಮುಗಿದ್ಮೇಲೆ ಸಿಲಬಸ್‌ನಲ್ಲಿ ಇಲ್ದಿದ್ರೂ ಆಂಡರ್ಸನ್ ಲೋಕಲೈಸೇಶನ್, ಅಂದ್ರೆ ಎಲೆಕ್ಟ್ರಾನು ಸಿಕ್ಕಾಕ್ಕೊಳ್ಳೋ ಆ ವಿಷಯದ ಮೇಲೆ ಒಂದು ಕ್ಲಾಸ್ ತಗೋತೀನಿ, ಬೇರೆ ಕಾಲೇಜಿನವ್ರೂ ಬನ್ನಿ.