ಕೋವಿ ಹಿಡಿದು ವಿಮಾನಕ್ಕೆ ಹೊರಡುವ ಮುನ್ನ

ತೀರ್ಥಹಳ್ಳಿ
9 ನವೆಂಬರ್ 2025, ಭಾನುವಾರ

ಅಡಿಕೆ ಕೊಯ್ಲು ಶುರುವಾಗಿದೆ. ಗದ್ದೆಯಲ್ಲಿ ಭತ್ತದ ತೆನೆ ಬಾಗಿದೆ, ಅದರ ಹಿಂದೆಯೇ ಹಂದಿ ಕಾಟ. ಮಳೆಗಾಲವಿಡೀ ಮೂಲೆಯಲ್ಲಿದ್ದ ಕೋವಿಗಳು ಈಚೆ ಬಂದು ಎಣ್ಣೆ ಕಾಣುವ ಸಮಯ ಇದು. ಊರಲ್ಲಿ ಈಗೀಗ ಒಂದು ಪ್ರಶ್ನೆ ಓಡಾಡುತ್ತಿದೆ: ಶಿವಮೊಗ್ಗದ ಸೋಗಾನೆ ನಿಲ್ದಾಣಕ್ಕೆ 2023ರಿಂದ ವಿಮಾನ ಬರುತ್ತಿದೆಯಲ್ಲ, ಅದರಲ್ಲಿ ಕೋವಿ ಒಯ್ಯಬಹುದಾ? ದೆಹಲಿಯ ತುಘಲಕಾಬಾದ್ ರೇಂಜಿಗೆ ಟ್ರ್ಯಾಪ್ (ಹಾರುವ ಬಿಲ್ಲೆಗೆ ಗುರಿಯಿಡುವ) ಸ್ಪರ್ಧೆಗೆ ಹೋಗುವ ಹುಡುಗರು, ಹೊರರಾಜ್ಯಕ್ಕೆ ವರ್ಗವಾದವರು, ಅಜ್ಜನ ಕಾಲದ ಜೋಡುನಳಿಗೆ ಕೋವಿಯನ್ನು ದೂರದ ಊರಿನ ಕಸುಬುದಾರರಿಗೆ ತೋರಿಸಬೇಕು ಅನ್ನುವವರು, ಎಲ್ಲರೂ ಕೇಳುವುದು ಇದನ್ನೇ. ಒಯ್ಯಬಹುದು. ಕೆಲಸ ಕೆಡುವುದು ಬಹುಮಟ್ಟಿಗೆ ಎರಡು ಕಡೆ: ಮನೆಯಲ್ಲೇ ನೋಡಬೇಕಿದ್ದ ಕಾಗದದಲ್ಲಿ, ಮತ್ತೆ ಕೈಚೀಲದ ತಳದಲ್ಲಿ ಉಳಿದ ಒಂದೇ ಒಂದು ತೋಟಾದಲ್ಲಿ (ಕಾರ್ಟ್ರಿಜ್).

ಮೊದಲು ಕಾಗದ. ಲೈಸೆನ್ಸ್ ಪುಸ್ತಕ ತೆರೆದು ನಾಲ್ಕು ವಿಷಯ ನೋಡಿ. ಅವಧಿ ಯಾವತ್ತಿನವರೆಗಿದೆ, ಯಾವ ಪ್ರದೇಶಕ್ಕೆ ಅನ್ವಯ, ಕೋವಿಯ ನಂಬರ್ ಏನಿದೆ, ಉದ್ದೇಶ ಏನೆಂದು ಬರೆದಿದೆ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆ. ಹಾಗಾಗಿ ಎಷ್ಟೋ ಜನ ಮುಗಿಯುವ ದಿನವನ್ನೇ ಮರೆತುಬಿಡುತ್ತಾರೆ. ನವೀಕರಣಕ್ಕೆ ಕೊಟ್ಟ ರಶೀದಿಯೊಂದನ್ನೇ ನಂಬಿ ವಿಮಾನ ನಿಲ್ದಾಣಕ್ಕೆ ಹೋಗಬೇಡಿ. ಕೌಂಟರಿನಲ್ಲಿ ಕೂತವರಿಗೆ ಬೇಕಾದ್ದು ಚಾಲ್ತಿಯಲ್ಲಿರುವ ಮೂಲ ಲೈಸೆನ್ಸ್. ಜೆರಾಕ್ಸ್ ಎರಡು ಪ್ರತಿ ಜೊತೆಗಿರಲಿ, ಅವರು ಒಂದನ್ನು ಇಟ್ಟುಕೊಳ್ಳುತ್ತಾರೆ.

ಪ್ರದೇಶದ ವಿಷಯದಲ್ಲಿ ಮಲೆನಾಡಿನವರು ಎಡವುವುದು ಹೆಚ್ಚು. ನಮ್ಮಲ್ಲಿ ಬೆಳೆ ರಕ್ಷಣೆಗೆ ಕೊಟ್ಟ ಹಳೆಯ ಲೈಸೆನ್ಸುಗಳಲ್ಲಿ ಜಿಲ್ಲೆಯೋ ರಾಜ್ಯವೋ ಅಷ್ಟೇ ಇರುತ್ತದೆ. ಅಂಥ ಲೈಸೆನ್ಸ್ ಇಟ್ಟುಕೊಂಡು ಕೋವಿಯನ್ನು ಗೋವಾಕ್ಕೋ ಹೈದರಾಬಾದಿಗೋ ಇಳಿಸಿದರೆ, ಇಳಿದ ನೆಲದಲ್ಲಿ ನೀವು ಲೈಸೆನ್ಸ್ ಇಲ್ಲದವರ ಲೆಕ್ಕ. ವ್ಯಾಪ್ತಿ ವಿಸ್ತರಣೆಗೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಅರ್ಜಿ ಕೊಡಬೇಕು, ಪೊಲೀಸ್ ವರದಿ ಬರಬೇಕು. ಅದು ವಾರದಲ್ಲಿ ಆಗುವ ಕೆಲಸವಲ್ಲ. ಟಿಕೆಟ್‌ಗಿಂತ ಮೊದಲು ಇದನ್ನು ಮುಗಿಸಿಕೊಳ್ಳಿ.

ಕೋವಿಯ ಜೊತೆ ಹಾರುವವರು ಲೈಸೆನ್ಸ್ ಯಾರ ಹೆಸರಿನಲ್ಲಿದೆಯೋ ಅವರೇ ಆಗಿರಬೇಕು. ಶಸ್ತ್ರಾಸ್ತ್ರ ಕಾಯ್ದೆಯ 3ನೇ ಸೆಕ್ಷನ್ನಿನಲ್ಲಿ, ರಿಪೇರಿಗೋ ಲೈಸೆನ್ಸ್ ನವೀಕರಣಕ್ಕೋ ಮಾಲೀಕರ ಲಿಖಿತ ಒಪ್ಪಿಗೆಯ ಮೇಲೆ ಬೇರೆಯವರು ಕೋವಿ ಒಯ್ಯಲು ಅವಕಾಶವಿದೆ. ತೀರ್ಥಹಳ್ಳಿಯಿಂದ ಶಿವಮೊಗ್ಗದ ಅಂಗಡಿಗೆ ಹೋಗಲು ಅದು ಸಾಕು. ವಿಮಾನದ ಕೌಂಟರಿನಲ್ಲಿ ಅಪ್ಪನ ಪತ್ರ ತೋರಿಸಿ ಅಪ್ಪನ ಕೋವಿ ಒಪ್ಪಿಸುತ್ತೇನೆ ಅಂದರೆ ನಡೆಯುವ ಮಾತಲ್ಲ. ತೀರಿಕೊಂಡವರ ಹೆಸರಿನಲ್ಲೇ ಉಳಿದ ಕೋವಿಯಂತೂ ಮನೆಯಲ್ಲೂ ಇರಬಾರದು, ಠಾಣೆಯಲ್ಲೋ ಲೈಸೆನ್ಸ್ ಇರುವ ಅಂಗಡಿಯಲ್ಲೋ ಡಿಪಾಸಿಟ್ ಆಗಬೇಕು. ಚುನಾವಣೆ ಘೋಷಣೆಯಾದಾಗಲೂ ಅಷ್ಟೇ. ಡಿಪಾಸಿಟ್ ಮಾಡಿ ಅನ್ನುವ ಆದೇಶ ಬಂದರೆ ಪ್ರಯಾಣ ಅಲ್ಲಿಗೆ ನಿಂತಿತು. ಸ್ಪರ್ಧೆಗೆ ಹೋಗುವ ಕ್ರೀಡಾಪಟುಗಳು ವಿನಾಯಿತಿಯನ್ನು ಬರಹದಲ್ಲೇ ಕೇಳಿ ಪಡೆಯಬೇಕು.

ಯಾಕೆ ಒಯ್ಯುತ್ತಿದ್ದೀರಿ ಅಂತ ಖಂಡಿತ ಕೇಳುತ್ತಾರೆ. ಲೈಸೆನ್ಸಿನಲ್ಲಿ ಇರುವ ಉದ್ದೇಶಕ್ಕೆ ಹೊಂದುವ ಉತ್ತರ, ಅದಕ್ಕೆ ಒಂದು ಕಾಗದ: ಸ್ಪರ್ಧೆಯ ಪ್ರವೇಶ ಪತ್ರ, ವರ್ಗಾವಣೆ ಆದೇಶ, ರಿಪೇರಿ ಅಂಗಡಿಯವರ ಪತ್ರ. ‘ಶಿಕಾರಿಗೆ’ ಎಂಬ ಮಾತು ಬಾಯಿಗೆ ಬರಬಾರದು, ಮನಸ್ಸಿಗೂ ಬರಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವ ದೇಶ ಇದು. ಬೆಳೆಗೆ ಬಿದ್ದ ಹಂದಿಯ ವಿಷಯಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. ಅಮೆರಿಕದಲ್ಲಿರುವ ನೆಂಟರು ಜಿಂಕೆ ಬೇಟೆಗೆ ರೈಫಲ್ ಹಿಡಿದು ವಿಮಾನ ಹತ್ತುವುದನ್ನು ವಿಡಿಯೋದಲ್ಲಿ ನೋಡಿ ಇಲ್ಲಿಯೂ ಹಾಗೇ ಅಂದುಕೊಳ್ಳುವವರಿದ್ದಾರೆ. ಗಟ್ಟಿ ಪೆಟ್ಟಿಗೆ, ಬೀಗ, ಖಾಲಿ ಕೋವಿ, ಕೌಂಟರಿನಲ್ಲಿ ಘೋಷಣೆ, ಇಷ್ಟು ಎರಡೂ ಕಡೆ ಒಂದೇ. ಅಲ್ಲಿ ಸರಿಯಾಗಿ ಪ್ಯಾಕ್ ಮಾಡಿದ ತೋಟಾವನ್ನು ಕೋವಿಯ ಪೆಟ್ಟಿಗೆಯಲ್ಲೇ ಇಡಲು ಸಾಮಾನ್ಯವಾಗಿ ಬಿಡುತ್ತಾರೆ; ಇಲ್ಲಿ ಕೋವಿ ಬೇರೆ, ತೋಟಾ ಬೇರೆ ಕಟ್ಟಿಕೊಂಡು ಹೋಗಿ.

ಈಗ ಆ ಒಂದು ತೋಟಾದ ಮಾತು. ತೋಟಕ್ಕೆ ಹೋಗುವಾಗ ಹಾಕುವ ಜರ್ಕಿನ್ನು, ಹೆಗಲ ಚೀಲ, ಜೀಪಿನ ಹಿಂದೆ ಬಿದ್ದಿರುವ ಬ್ಯಾಗು, ಇವುಗಳ ಒಳಜೇಬಿನಲ್ಲಿ ಒಂದು ಎಲ್‌ಜಿಯೋ ಬಿಬಿಯೋ (ಒಳಗಿನ ಚರೆಯ, ಅಂದರೆ ಸೀಸದ ಗುಂಡುಗಳ ಗಾತ್ರದಿಂದ ತೋಟಾಕ್ಕೆ ಬಂದ ಹೆಸರು) ಉಳಿದಿರುತ್ತದೆ. ಮೂರು ತಿಂಗಳ ನಂತರ ಅದೇ ಬ್ಯಾಗು ಮಗಳ ಮನೆಗೆ ಹೊರಟಾಗ ಕ್ಯಾಬಿನ್ ಸಾಮಾನಾಗುತ್ತದೆ. ಎಕ್ಸ್‌ರೇ ಪರದೆಯ ಮೇಲೆ ತೋಟಾದ ಹಿತ್ತಾಳೆ ತಳ ಎದ್ದು ಕಾಣುತ್ತದೆ, ಒಳಗಿನ ಚರೆ ಕಪ್ಪು ಮುದ್ದೆಯಾಗಿ ಕಾಣುತ್ತದೆ. ತಪ್ಪಿಸಿಕೊಳ್ಳುವ ಪ್ರಶ್ನೆಯೇ ಇಲ್ಲ. ಭದ್ರತಾ ಸಿಬ್ಬಂದಿ ನಿಮ್ಮನ್ನು ಸ್ಥಳೀಯ ಪೊಲೀಸರಿಗೆ ಒಪ್ಪಿಸುತ್ತಾರೆ, ವಿಮಾನ ತಪ್ಪುತ್ತದೆ, ಶಸ್ತ್ರಾಸ್ತ್ರ ಕಾಯ್ದೆಯ 25ನೇ ಸೆಕ್ಷನ್ನಿನಡಿ ಕೇಸಾಗಬಹುದು. ಗೊತ್ತಿದ್ದು ಇಟ್ಟುಕೊಂಡಿದ್ದರೆ ಮಾತ್ರ ಅದು ಸ್ವಾಧೀನ ಎಂದು ಸುಪ್ರೀಂ ಕೋರ್ಟ್ 1972ರಲ್ಲೇ ಹೇಳಿದೆ. ಆ ಮಾತಿನ ಆಧಾರದ ಮೇಲೆ ಹೈಕೋರ್ಟುಗಳು ಇಂಥ ಕೇಸುಗಳನ್ನು ರದ್ದು ಮಾಡಿದ್ದೂ ಇದೆ. ಆದರೆ ಹೈಕೋರ್ಟಿನವರೆಗೆ ಹೋಗುವ ಹಾದಿಯಲ್ಲಿ ವಕೀಲರ ಫೀಸು, ಅಲೆದಾಟ, ಮನೆಯವರ ನಿದ್ದೆ ಎಲ್ಲ ಹೋಗಿರುತ್ತದೆ. ಕೋವಿ ಇರುವ ಮನೆಯವರು ಕೋವಿ ಇಲ್ಲದೆ ಪ್ರಯಾಣ ಮಾಡುವಾಗಲೂ ಈ ಎಚ್ಚರ ಬೇಕು. ತೋಟಕ್ಕೆ ಬಳಸುವ ಚೀಲವನ್ನು ವಿಮಾನಕ್ಕೆ ಬಳಸಲೇಬೇಡಿ. ಬೇರೆ ದಾರಿಯಿಲ್ಲ ಅಂದರೆ ಚೀಲವನ್ನು ಪೂರ್ತಿ ಒಳಹೊರಗು ಮಾಡಿ, ಅಂಗಳದಲ್ಲಿ ಕೊಡವಿ, ಅಸ್ತರಿನ ಹೊಲಿಗೆಯ ಉದ್ದಕ್ಕೂ ಬೆರಳಾಡಿಸಿ. ಜೇಬು ಹರಿದಿದ್ದರೆ ತೋಟಾ ಅಸ್ತರಿನೊಳಗೆ ಜಾರಿ ತಳದ ಮೂಲೆಗೆ ಸೇರಿಕೊಂಡಿರುತ್ತದೆ. ಹಾರಿಸಿದ ಖಾಲಿ ತೋಟಾ, ಅದರಿಂದ ಮಾಡಿದ ಕೀಚೈನ್, ಮಕ್ಕಳು ಆಡಲು ಎತ್ತಿಟ್ಟ ಹಿತ್ತಾಳೆ ತಳ, ಇವೂ ಕೈಚೀಲದಲ್ಲಿ ಇರಬಾರದು.

ಕೋವಿಯನ್ನು ಖಾಲಿ ಮಾಡುವುದು. ತೋಟಾ ಕೋವಿಯಾದರೆ ನಳಿಗೆ ಬಗ್ಗಿಸಿ ತೆರೆದು ಹಿಡಿದು, ಬೆಳಕಿನ ಕಡೆ ನಳಿಗೆಯ ಮೂಲಕ ನೋಡಿದರೆ ಮುಗಿಯಿತು. ಒಳಗೆ ಡಮ್ಮಿ ತೋಟಾ ಹಾಕಿಡುವ ಅಭ್ಯಾಸ ಇದ್ದರೆ ತೆಗೆದುಬಿಡಿ. ಎಕ್ಸ್‌ರೇಯಲ್ಲಿ ಅದಕ್ಕೂ ನಿಜದ್ದಕ್ಕೂ ವ್ಯತ್ಯಾಸ ಹೇಳುತ್ತಾ ನಿಲ್ಲುವುದು ಬೇಡ. ನಳಿಗೆಯ ಬಾಯಿಯಿಂದ ಸಿಡಿಮದ್ದು ತುಂಬಿ, ಕೇಪು ಎಂಬ ಪುಟ್ಟ ಸಿಡಿಗುಪ್ಪಿಯಿಂದ ಹೊತ್ತಿಸುವ ಕೇಪಿನ ಕೋವಿಯ ಕಥೆ ಬೇರೆ. ಅದನ್ನು ಬಗ್ಗಿಸಿ ತೆರೆದು ನೋಡಲಾಗದು, ಮೇಲಿಂದ ಇಣುಕಿದರೆ ಏನೂ ಕಾಣದು, ಇಣುಕಲೂ ಬಾರದು. ನಮ್ಮ ಕಡೆ ಹಂದಿಗೆಂದು ಮದ್ದು ತುಂಬಿ, ನಾರು ಜಡಿದು, ಚರೆ ಹಾಕಿ ಇಟ್ಟು ಮರೆತ ಕೋವಿಗಳು ಎಷ್ಟೋ. ಪರೀಕ್ಷೆ ಹೀಗೆ: ಕೇಪು ಇಲ್ಲವೆಂದು ಖಚಿತ ಮಾಡಿಕೊಂಡು, ಬಾಯಿಯ ನೇರಕ್ಕೆ ಮುಖವಾಗಲಿ ಕೈಯಾಗಲಿ ಬರದಂತೆ ಪಕ್ಕದಲ್ಲಿ ನಿಂತು ಗಜವನ್ನು (ಮದ್ದು ಜಡಿಯುವ ಉದ್ದನೆಯ ಕೋಲು) ನಿಧಾನವಾಗಿ ತಳದವರೆಗೆ ಇಳಿಬಿಡಿ. ನಳಿಗೆಯ ಬಾಯಿಗೆ ಸರಿಯಾಗಿ ಗಜದ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಿ. ಗಜ ಹೊರತೆಗೆದು, ಆ ಗುರುತು ಬಾಯಿಗೆ ಹೊಂದುವಂತೆ ನಳಿಗೆಯ ಹೊರಮೈ ಉದ್ದಕ್ಕೂ ಇಡಿ. ಗಜದ ತುದಿ ಕೇಪು ಕೂರಿಸುವ ಜಾಗದ ತನಕ ಮುಟ್ಟಿದರೆ ಖಾಲಿ. ಎರಡು ಮೂರು ಅಂಗುಲ ಮೊದಲೇ ನಿಂತರೆ ಒಳಗೆ ಮದ್ದು ಚರೆಯ ಈಡು ಕೂತಿದೆ. ಆಗ ನೀವೇ ಕೆದಕಬೇಡಿ, ಕೆಲಸ ಬಲ್ಲವರಿಂದ ಖಾಲಿ ಮಾಡಿಸಿ. ಮದ್ದು ಮತ್ತು ಕೇಪನ್ನು ವಿಮಾನ ಯಾವ ರೂಪದಲ್ಲೂ ಒಪ್ಪುವುದಿಲ್ಲ, ಕ್ಯಾಬಿನ್ನಿನಲ್ಲೂ ಇಲ್ಲ, ಕೆಳಗಿನ ಸಾಮಾನಿನಲ್ಲೂ ಇಲ್ಲ. ಡಬ್ಬಿಯ ತಳದಲ್ಲಿ ಚಿಟಿಕೆ ಮದ್ದಿದ್ದರೂ ಮನೆಯಲ್ಲೇ ಬಿಡಿ. ನಳಿಗೆಯನ್ನು ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ತೆಳ್ಳಗೆ ಎಣ್ಣೆ ಒರೆಸಿದ ಮೇಲೆಯೇ ಪೆಟ್ಟಿಗೆಗೆ ಹಾಕಿ.

ಜೋಡುನಳಿಗೆಯ 12 ಬೋರ್ (ನಳಿಗೆಯ ಗಾತ್ರ) ಕೋವಿ ಬಿಚ್ಚುವುದು ಎರಡು ನಿಮಿಷದ ಕೆಲಸ. ನಳಿಗೆಯ ಅಡಿಯ ಮರದ ತುಂಡನ್ನು ಮೊದಲು ಕಳಚಿ, ಮೇಲಿನ ಲಿವರ್ ಒತ್ತಿ ನಳಿಗೆಗಳನ್ನು ಕೊಕ್ಕೆಯಿಂದ ಎತ್ತಿಕೊಳ್ಳಿ. ಎತ್ತಿದ ಮೇಲೆ ಟ್ರಿಗರ್ ಎಳೆಯಬೇಡಿ. ಹೊರಗೆ ಕುದುರೆ (ಹ್ಯಾಮರ್) ಕಾಣದ ಕೋವಿಗಳಲ್ಲಿ ನಳಿಗೆ ಬಗ್ಗಿಸುವಾಗಲೇ ಒಳಗಿನ ಸ್ಪ್ರಿಂಗು ಬಿಗಿಯಾಗುವುದು. ನಳಿಗೆ ಇಲ್ಲದಾಗ ಅದನ್ನು ಸಡಿಲಬಿಟ್ಟರೆ ಬಿಗಿಮಾಡುವ ಸನ್ನೆಗೋಲುಗಳು ಜಾಗ ಬದಲಿಸಿ ನಿಲ್ಲುತ್ತವೆ, ಇಳಿದ ಊರಿನಲ್ಲಿ ನಳಿಗೆ ಮತ್ತೆ ಕೂರುವುದಿಲ್ಲ. ಸುತ್ತಿಗೆ ಏಟು ಕೊಟ್ಟು ಒಳ್ಳೊಳ್ಳೆ ಕೋವಿ ಹಾಳುಮಾಡುವುದು ಹೀಗೆಯೇ.

ಪೆಟ್ಟಿಗೆ ಗಟ್ಟಿ ಪ್ಲಾಸ್ಟಿಕ್ಕಿನದೋ ಅಲ್ಯೂಮಿನಿಯಮ್ಮಿನದೋ ಆಗಿರಲಿ. ಬಟ್ಟೆಯ ಚೀಲ ಸಾಲದು, ಯಾಕೆಂದರೆ ಮರದ ಹಿಡಿ ಕೈಯಲ್ಲಿ ಹಿಡಿಯುವ ಸಣ್ಣ ಭಾಗದಲ್ಲೇ ಸೀಳುತ್ತದೆ, ಸಾಮಾನು ಎಸೆಯುವಾಗ ಪೆಟ್ಟು ಬೀಳುವುದೂ ಅಲ್ಲೇ. ನಳಿಗೆ ಸಾಮಾನ್ಯವಾಗಿ 28ರಿಂದ 32 ಅಂಗುಲ. ಒಳಅಳತೆ 34 ಅಂಗುಲ ಇದ್ದರೆ ಬಿಚ್ಚಿದ ಕೋವಿ ಆರಾಮಾಗಿ ಹಿಡಿಸುತ್ತದೆ. ಅಲ್ಲಾಡುವ ಜಾಗಕ್ಕೆಲ್ಲ ಹಳೆಯ ಟವೆಲ್ ತುರುಕಿ. ಎರಡು ಬೀಗ ಹಾಕಿ, ಕೀಲಿ ನಿಮ್ಮ ಜೇಬಿನಲ್ಲಿರಲಿ. ಕೋವಿ ಮೂರು ಕೆಜಿ ಚಿಲ್ಲರೆ, ಪೆಟ್ಟಿಗೆ ನಾಲ್ಕೈದು ಕೆಜಿ. ದೇಶದೊಳಗಿನ ಟಿಕೆಟ್ಟಿಗೆ ಸಿಗುವ 15 ಕೆಜಿಯಲ್ಲಿ ಅರ್ಧ ಇಲ್ಲೇ ಖರ್ಚು. ಇದರ ಮೇಲೆ ವಿಮಾನ ಸಂಸ್ಥೆಗಳು ಆಯುಧಕ್ಕೆಂದು ಬೇರೆ ಶುಲ್ಕ ಹಾಕುತ್ತವೆ.

ತೋಟಾದ ಗರಿಷ್ಠ ಮಿತಿ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಒಬ್ಬರಿಗೆ 5 ಕೆಜಿ, ಅದೂ ಡಬ್ಬಿಯ ತೂಕ ಸೇರಿ. ಗಂಡ ಹೆಂಡತಿ ಇಬ್ಬರ ಮಿತಿ ಕೂಡಿಸಿ ಒಂದೇ ಕಟ್ಟು ಮಾಡುವಂತಿಲ್ಲ. 12 ಬೋರ್ ತೋಟಾ ಒಂದು ಸುಮಾರು 45ರಿಂದ 50 ಗ್ರಾಂ. 50 ತೋಟಾಕ್ಕೆ ಎರಡೂವರೆ ಕೆಜಿ ಹತ್ತಿರ. ಸಂಖ್ಯೆಯ ಮೇಲೂ ಸಂಸ್ಥೆಗಳು ಮಿತಿ ಹಾಕುವುದರಿಂದ ಎಷ್ಟು ಎಂದು ಮೊದಲೇ ಕೇಳಿ. ಕಾರ್ಖಾನೆಯ ಮೂಲ ರಟ್ಟಿನ ಡಬ್ಬಿಯಲ್ಲೇ ಇರಲಿ, ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುರಿದುಕೊಂಡು ಹೋದರೆ ವಾಪಸ್ ಕಳಿಸುತ್ತಾರೆ. ನಮ್ಮ ಮಳೆಗಾಲ ಕಂಡ ಕಾಗದದ ತೋಟಾ ಉಬ್ಬಿರುತ್ತದೆ, ನಳಿಗೆಯಲ್ಲಿ ಕೂರದು. ಅದನ್ನು ಒಯ್ದು ಪ್ರಯೋಜನವಿಲ್ಲ.

ಇನ್ನು ನಿಲ್ದಾಣ. ಸೋಗಾನೆಯಿಂದ ಬೆಂಗಳೂರಿಗೆ ಹಾರುವ ಎಟಿಆರ್ ಚಿಕ್ಕ ವಿಮಾನ, ಸಾಮಾನಿನ ಜಾಗವೂ ಕಡಿಮೆ. ಕೋವಿ ಸ್ವೀಕರಿಸುವ ವ್ಯವಸ್ಥೆ ಆ ವಿಮಾನಕ್ಕೆ, ಆ ದಿನಕ್ಕೆ ಇದೆಯೇ ಎಂದು ಇಮೇಲಿನಲ್ಲಿ ಕೇಳಿ, ಉತ್ತರವನ್ನು ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಫೋನಿನಲ್ಲಿ ಸಿಕ್ಕ ‘ಆಗತ್ತೆ ಸರ್’ ಕೌಂಟರಿನಲ್ಲಿ ಕೆಲಸಕ್ಕೆ ಬರುವುದಿಲ್ಲ. ನನ್ನನ್ನು ಕೇಳಿದರೆ ಶಿವಮೊಗ್ಗದಿಂದ ಬೆಂಗಳೂರಿಗೆ ಕಾರಿನಲ್ಲಿ ಹೋಗಿ, ಅಲ್ಲಿಂದ ಒಂದೇ ನೇರ ವಿಮಾನ ಹಿಡಿಯುವುದು ಒಳ್ಳೆಯದು. ಬದಲಿ ವಿಮಾನ ಬೇರೆ ಟಿಕೆಟ್ಟಿನಲ್ಲಿದ್ದರೆ ಕೋವಿ ಪಡೆದು, ಮತ್ತೆ ಘೋಷಿಸಿ, ಮತ್ತೆ ಶುಲ್ಕ ಕಟ್ಟಬೇಕಾಗುತ್ತದೆ. ಮಧ್ಯೆ ಎರಡು ಗಂಟೆ ಇದ್ದರೂ ಸಾಲದು.

ಹೊರಡುವ ಮೂರು ಗಂಟೆ ಮೊದಲು ತಲುಪಿ. ಟರ್ಮಿನಲ್ ಬಾಗಿಲಲ್ಲಿ ನಿಂತ ಸಿಬ್ಬಂದಿಗೆ ಪೆಟ್ಟಿಗೆ ಯಂತ್ರಕ್ಕೆ ಹೋಗುವ ಮೊದಲೇ ನೀವಾಗಿ ಹೇಳಿ, ಲೈಸೆನ್ಸ್ ಕೈಯಲ್ಲಿರಲಿ. ಕೌಂಟರಿನಲ್ಲಿ ಅವರು ಹೇಳುವ ತನಕ ಪೆಟ್ಟಿಗೆ ತೆರೆಯಬೇಡಿ. ತೆರೆದಾಗ ನಂಬರ್ ತಾಳೆ ನೋಡುತ್ತಾರೆ. ಹಳೆಯ ಕೋವಿಗಳಲ್ಲಿ ನಂಬರ್ ನಳಿಗೆಯ ಅಡಿಯಲ್ಲೋ, ಮರ ಕಳಚಿದರೆ ಮಾತ್ರ ಕಾಣುವ ಜಾಗದಲ್ಲೋ ಇರುತ್ತದೆ. ಎಣ್ಣೆ ಜಿಡ್ಡು ಕೂತು 3 ಯಾವುದು 8 ಯಾವುದು ತಿಳಿಯದಂತಾಗಿರುತ್ತದೆ. ಮನೆಯಲ್ಲೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಲೈಸೆನ್ಸಿನ ಜೊತೆ ಒಂದೊಂದೇ ಅಂಕಿ ತಾಳೆ ನೋಡಿ. ಗುಮಾಸ್ತರ ಕೈತಪ್ಪಿನಿಂದ ಒಂದು ಅಂಕಿ ಬದಲಾಗಿದ್ದರೂ ತಿದ್ದುಪಡಿ ಜಿಲ್ಲಾಧಿಕಾರಿ ಕಚೇರಿಯಲ್ಲೇ ಆಗಬೇಕು. ಪರಿಶೀಲನೆ ಮುಗಿದು, ಖಾಲಿ ಇದೆ ಎಂಬ ಘೋಷಣೆಗೆ ಸಹಿ ಹಾಕಿ, ಬೀಗ ಹಾಕಿದ ಮೇಲೆ ಪೆಟ್ಟಿಗೆಯನ್ನು ಸಿಬ್ಬಂದಿ ಕೈಯಿಂದಲೇ ಒಯ್ಯುತ್ತಾರೆ. ರಶೀದಿ ಪಡೆಯದೆ ಆ ಜಾಗ ಬಿಡಬೇಡಿ.

ಇಳಿದಲ್ಲಿ ಪೆಟ್ಟಿಗೆ ಬೆಲ್ಟಿನ ಮೇಲೆ ಬರುತ್ತದೆಂದು ಕಾಯುತ್ತಾ ನಿಲ್ಲಬೇಡಿ. ಸಂಸ್ಥೆಯ ಸಿಬ್ಬಂದಿಯನ್ನು ಹುಡುಕಿ, ರಶೀದಿ ಮತ್ತು ಲೈಸೆನ್ಸ್ ತೋರಿಸಿ ಪಡೆಯಬೇಕು. ಬೀಗ, ಮೂಲೆಗಳು, ತಿರುಪುಗಳನ್ನು ಅವರ ಎದುರೇ ನೋಡಿ. ನಿಲ್ದಾಣದೊಳಗೆ ಕೋವಿ ಹೊರತೆಗೆಯಬೇಡಿ. ಕೋಣೆ ಸೇರಿದ ಕೂಡಲೇ ಪೆಟ್ಟಿಗೆ ತೆರೆದು ಗಾಳಿಗಿಡಿ. ತಂಪಾದ ಕಬ್ಬಿಣ ಸೆಕೆಗೆ ಬಂದಾಗ ಮೈಮೇಲೆ ನೀರು ಕೂರುತ್ತದೆ, ಫೋಮು ಆ ನೀರನ್ನು ಹೀರಿ ನಳಿಗೆಗೆ ಒತ್ತಿ ಹಿಡಿದಿರುತ್ತದೆ. ರಾತ್ರಿ ಮುಚ್ಚಿಟ್ಟರೆ ಬೆಳಿಗ್ಗೆ ಕಂದು ಚುಕ್ಕೆ ಎದ್ದಿರುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಇನ್ನೊಂದು ಸಲ ಎಣ್ಣೆ ಸವರಿ.

ವಾಪಸ್ ಬರುವಾಗ ಎಲ್ಲವೂ ಮೊದಲಿನಿಂದ: ಹೊಸ ಘೋಷಣೆ, ಹೊಸ ಶುಲ್ಕ. ಉಳಿದ ತೋಟಾ ಎಣಿಸಿ, ಹೋಗುವಾಗ ಬರೆಸಿದ್ದು, ಹಾರಿಸಿದ್ದು, ಉಳಿದದ್ದು ಲೆಕ್ಕ ಹೊಂದುತ್ತದೆಯೇ ನೋಡಿ. ಹೊಂದದಿದ್ದರೆ ಕೈಚೀಲ, ಪ್ಯಾಂಟಿನ ಜೇಬು, ಸ್ಪರ್ಧೆಯ ದಿನ ಹಾಕಿದ್ದ ಜಾಕೆಟ್ ಎಲ್ಲವನ್ನೂ ಹೋಟೆಲಿನ ಹಾಸಿಗೆಯ ಮೇಲೆ ಸುರಿದು, ಸಿಗುವ ತನಕ ಹುಡುಕಿ. ಆಮೇಲೆ ನಿಲ್ದಾಣಕ್ಕೆ ಹೊರಡಿ.