ಸಿಕ್ಕಿಬಿದ್ದ ಮೇಲೆ ಏನಾಗುತ್ತದೆ?

ಗಂಡನೋ ಹೆಂಡತಿಯೋ ಮೋಸ ಮಾಡುವ ಸಣ್ಣಕತೆಗಳಲ್ಲಿ ನನಗೆ ಬೇಜಾರಾಗುವುದು ಕೊನೆಯ ಪುಟ. ತಪ್ಪಿದವಳು ಹೆಂಡತಿಯಾದರೆ ವಿಷ, ಬಾವಿ ಅಥವಾ ಎದುರಿನಿಂದ ಬರುವ ಲಾರಿ. ಗಂಡನಾದರೆ ನಾಲ್ಕು ಹನಿ ಕಣ್ಣೀರು ಹಾಕಿ ಮನೆಗೆ ವಾಪಸ್. ಮುಂದೇನು ಅಂತ ಹೊಳೆಯದಿದ್ದಾಗ ಯಾರನ್ನಾದರೂ ಸಾಯಿಸುವುದು ಸುಲಭ, ಅಲ್ವಾ?

ಫ್ರೆಂಚ್ ಕತೆಗಾರ ಮೊಪಾಸಾ 1883ರಲ್ಲಿ ಬರೆದ ಒಡವೆಗಳ ಕತೆಯಲ್ಲೂ ಹೆಂಡತಿ ಸಾಯುತ್ತಾಳೆ. ಆದರೆ ಅವಳು ಸತ್ತ ಮೇಲೇ ಕತೆ ಶುರುವಾಗುವುದು. ಲಾಂತ್ಯಾ ಒಬ್ಬ ಸಾಧಾರಣ ಗುಮಾಸ್ತ. ಹೆಂಡತಿ ಅಂದರೆ ಪ್ರಾಣ. ಅವಳಲ್ಲಿ ಅವನಿಗೆ ಹಿಡಿಸದ್ದು ಎರಡೇ: ನಾಟಕದ ಹುಚ್ಚು, ನಕಲಿ ಒಡವೆಗಳ ಹುಚ್ಚು. ಒಂದು ಚಳಿಯ ರಾತ್ರಿ ಒಪೆರಾ ನೋಡಿ ಬಂದವಳು ಕಾಯಿಲೆ ಬಿದ್ದು ತೀರಿಕೊಳ್ಳುತ್ತಾಳೆ. ಆಮೇಲೆ ಕೈಯಲ್ಲಿ ಕಾಸಿಲ್ಲದೆ ಅವಳ ಒಂದು ಸರವನ್ನು ಮಾರಲು ಹೋದರೆ, ಅಂಗಡಿಯವನು 18,000 ಫ್ರಾಂಕ್ ಕೊಡುತ್ತೇನೆ ಅನ್ನುತ್ತಾನೆ. ಸರ ಅಸಲಿ. ಗುಮಾಸ್ತನ ಸಂಬಳದಲ್ಲಿ ಬಂದದ್ದಂತೂ ಅಲ್ಲ.

ಅದನ್ನು ಕೊಟ್ಟ ಪ್ರಿಯಕರ ಕತೆಯಲ್ಲಿ ಕಾಣಿಸುವುದೇ ಇಲ್ಲ. ಜಗಳವೂ ಇಲ್ಲ, ಆಡೋಣ ಅಂದರೆ ಅವಳೇ ಇಲ್ಲ. ಅವಳು ಒಂದು ಸರವನ್ನು ತಮಾಷೆಗೆ ಅವನ ಕೊರಳಿಗೆ ಹಾಕಿ, ಎಷ್ಟು ವಿಚಿತ್ರವಾಗಿ ಕಾಣ್ತೀ ಅಂತ ನಕ್ಕು, ಮುದ್ದಿಟ್ಟ ಸಂಜೆಗಳಿದ್ದವಲ್ಲ, ಈಗ ಅವನ್ನು ಏನು ಮಾಡುವುದು? ಆ ನಗು ಯಾವುದಕ್ಕೆ ಅಂತ ಇನ್ನು ಯಾರನ್ನು ಕೇಳುವುದು? ಮೋಸದ ಪೆಟ್ಟು ಬಿದ್ದದ್ದು ಆಗಲೇ ಬದುಕಿ ಮುಗಿಸಿದ ದಿನಗಳ ಮೇಲೆ. ಆ ದಿನಗಳಿಗೆ ವಿಚ್ಛೇದನವೂ ಕೊಡಲಾಗದು. ಆದರೆ ಮೊಪಾಸಾ ತುಂಟ. ಮೊದಲು ನಾಚಿಕೆಯಿಂದ ಸತ್ತೇಹೋಗುವಂತಿದ್ದ ಗಂಡ ಎಲ್ಲವನ್ನೂ ಮಾರುತ್ತಾನೆ, 1,96,000 ಫ್ರಾಂಕ್ ಬರುತ್ತದೆ, ಸಂಜೆಯೊಳಗೆ ಅದನ್ನೇ 4,00,000 ಅಂತ ಜಂಬ ಕೊಚ್ಚಿಕೊಳ್ಳುತ್ತಾನೆ. ಮತ್ತೆ ಮದುವೆಯಾಗುತ್ತಾನೆ. ಎರಡನೆಯವಳು ಬಲು ಶೀಲವಂತೆ, ಬಾಯಿ ಮಾತ್ರ ಜೋರು. ಅವನಿಗೆ ನೆಮ್ಮದಿಯೇ ಇಲ್ಲ.

ಮನೆಯಲ್ಲಿ ಉಳಿದವರ ಕಡೆಯಿಂದ ನೋಡಿದಾಗಲೇ ಇಂಥ ಕತೆಗೆ ಜೀವ ಬರುತ್ತದೆ ಅಂತ ನನ್ನ ಅನಿಸಿಕೆ. ರಷ್ಯಾದ ಕತೆಗಾರ ಚೆಕಾಫನ 1899ರ ನಾಯಿಯ ಜೊತೆಗಿನ ಮಹಿಳೆಯ ಕತೆಯನ್ನು ಎಲ್ಲರೂ ಮೆಚ್ಚುತ್ತಾರೆ, ನಾನೂ. ಆದರೆ ಆ ಮಹಿಳೆಯನ್ನು ಪ್ರೀತಿಸುವ ಗುರೋವ್‌ನ ಹೆಂಡತಿಗೆ ಅಲ್ಲಿ ಸಿಕ್ಕಿದ್ದು ಎಷ್ಟು? ರಸಿಕನ ವೇಷ ನಿನಗೆ ಒಪ್ಪುವುದಿಲ್ಲ ಅಂತ ಹುಬ್ಬು ಕುಣಿಸಿ ಒಂದು ಮಾತು. ಅಷ್ಟೇ. ಆಕೆಗೆ ಎಲ್ಲ ಗೊತ್ತಿತ್ತಾ, ಸುಮ್ನೆ ಅಂದಳಾ? ಚೆಕಾಫ್ ಆ ಕಡೆ ತಿರುಗಿಯೂ ನೋಡುವುದಿಲ್ಲ.

ಅಮೆರಿಕದ ಕತೆಗಾರ್ತಿ ಕೇಟ್ ಶೋಪಾನ್ ನೋಡಿದಳು. 1898ರಲ್ಲಿ ಬರೆದ ಬಿರುಗಾಳಿಯ ಕತೆಯನ್ನು ಅವಳು ಅಚ್ಚಿಗೆ ಕೊಡಲಿಲ್ಲ. ಅದು ಬೆಳಕು ಕಂಡಿದ್ದು 1969ರಲ್ಲಿ, ಅವಳು ತೀರಿಹೋಗಿ 65 ವರ್ಷದ ಮೇಲೆ. ಮಳೆಯಲ್ಲಿ ಒಬ್ಬ ಗೃಹಿಣಿಯ ಮನೆಗೆ ಅವಳ ಹಳೆಯ ಪ್ರೇಮಿ ಬರುತ್ತಾನೆ, ಹೋಗುತ್ತಾನೆ. ಗಂಡ, ಮಗ ಮನೆಗೆ ಬಂದರೆ ಅವಳು ನಗುನಗುತ್ತಾ ಅಡುಗೆ ಬಡಿಸುತ್ತಾಳೆ. ಯಾರಿಗೂ ಶಿಕ್ಷೆಯಿಲ್ಲ. ಆ ಕಾಲಕ್ಕೆ ಹಾಸಿಗೆಯ ವಿವರಕ್ಕಿಂತ ಇದೇ ಜಾಸ್ತಿ ಅರಗದ ಮಾತಾಗಿತ್ತೇನೋ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೊನೆಯಲ್ಲಿ ಬರುವ ಕ್ಲಾರಿಸ್, ಅಂದರೆ ಆ ಪ್ರೇಮಿಯ ಹೆಂಡತಿ. ಮಕ್ಕಳ ಜೊತೆ ಬೇರೆ ಊರಲ್ಲಿದ್ದಾಳೆ. ಅವಸರವೇನಿಲ್ಲ, ಇನ್ನೂ ಒಂದಿಷ್ಟು ದಿನ ಇದ್ದು ಬಾ ಅಂತ ಗಂಡನ ಪ್ರೀತಿಯ ಕಾಗದ ಬರುತ್ತದೆ. ಓದಿ ಅವಳಿಗೆ ಖುಷಿಯೇ ಆಗುತ್ತದೆ, ಮದುವೆಯಾದ ಮೇಲೆ ಇದೇ ಮೊದಲ ಸಲ ಹಾಯಾಗಿ ಉಸಿರಾಡಿದ ಹಾಗೆ. ನನ್ನ ತಕರಾರು ಒಂದೇ: ಅವಳಿಗೆ ಶೋಪಾನ್ ಕೊಟ್ಟಿದ್ದು ಒಂದೇ ಪ್ಯಾರಾ. ಅಲ್ಲಿಂದ ಇನ್ನೊಂದು ಕತೆ ಶುರು ಮಾಡಬಹುದಿತ್ತು.